ಕ್ಲೌಡ್‌ನಲ್ಲಿ ಇತ್ತಲ್ಲ ಮೇಡಂ, ಹೇಗೆ ಹೋಯಿತು?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಗೋಳು ಮಾತ್ರ ನಿಲ್ಲುವುದೇ ಇಲ್ಲ. ಮಾನಸಗಂಗೋತ್ರಿಯ ಪಿಎಚ್‌ಡಿ ವಿದ್ಯಾರ್ಥಿಗಳೂ ಬರೆಯುತ್ತಾರೆ, ಮಂಡ್ಯದ ಗದ್ದೆಯಲ್ಲಿ ಪ್ರಯೋಗ ಮಾಡುವವರೂ ಬರೆಯುತ್ತಾರೆ. ಎಲ್ಲರದೂ ಒಂದೇ ಮಾತು: ಡೇಟಾ ಕ್ಲೌಡ್‌ನಲ್ಲಿ ಇಟ್ಟಿದ್ದೆವು, ಈಗ ಇಲ್ಲ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಆ ಪ್ರಶ್ನೆಗೇ. ಅಕೌಂಟ್ ತೆರೆಯುವುದು ಹೇಗೆ, ಫೋಲ್ಡರ್ ಶೇರ್ ಮಾಡುವುದು ಹೇಗೆ ಅಂತ ಕೇಳಿದವರು ಪಕ್ಕದಲ್ಲಿ ಕೂತವರನ್ನು ಕೇಳಿ, ಐದು ನಿಮಿಷದ ಕೆಲಸ.

*ಪ್ರಶ್ನೆ: ನಾವು ಐದು ಜನ ಸೇರಿ ಭತ್ತದ ತಳಿಗಳ ಮೇಲೆ ಕೆಲಸ ಮಾಡುತ್ತಿದ್ದೇವೆ. ತಾಕುವಾರು ಎಕ್ಸೆಲ್ ಶೀಟು, ಫೋಟೋ ಎಲ್ಲಾ ನನ್ನ ಜಿಮೇಲ್‌ನ ಗೂಗಲ್ ಡ್ರೈವ್ ಫೋಲ್ಡರಿನಲ್ಲಿತ್ತು. ಐದೂ ಲ್ಯಾಪ್‌ಟಾಪ್‌ಗಳಲ್ಲಿ ಕಾಣುತ್ತಿತ್ತು. ಯುಗಾದಿಗೆ ಊರಿಗೆ ಹೋಗುವ ಮುಂಚೆ ಲ್ಯಾಪ್‌ಟಾಪ್ ತುಂಬಿತೆಂದು ಹಳೆಯ ಎರಡು ಹಂಗಾಮಿನ ಫೋಲ್ಡರ್ ಅಳಿಸಿದೆ. ಕ್ಲೌಡ್‌ನಲ್ಲಿ ಇದ್ದೇ ಇರುತ್ತೆ ಅಂದುಕೊಂಡಿದ್ದೆ. ಎರಡೂವರೆ ತಿಂಗಳಾದ ಮೇಲೆ ಗೈಡ್ ಕೇಳಿದಾಗ ನೋಡಿದರೆ ಯಾರ ಬಳಿಯೂ ಇಲ್ಲ. ಮೈಸೂರಿನ ಒಂದು ಅಂಗಡಿಯವರು 12 ಸಾವಿರ ಕೊಟ್ಟು ಪಾಸ್‌ವರ್ಡ್ ಹೇಳಿದರೆ ಕ್ಲೌಡ್‌ನಿಂದ ತೆಗೆದುಕೊಡುತ್ತಾರಂತೆ. ಕೊಡಲಾ ಮೇಡಂ? — ಸಂಶೋಧನಾ ವಿದ್ಯಾರ್ಥಿನಿ, ಮಂಡ್ಯ*

ಕೊಡಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ. ಡೇಟಾ ರಿಕವರಿ ಸಾಫ್ಟ್‌ವೇರ್ ಓದುವುದು ನಿಮ್ಮ ಮುಂದಿರುವ ಡಿಸ್ಕನ್ನು. ಗೂಗಲ್‌ನ ಸರ್ವರ್ ಒಳಗೆ ಕೈ ಹಾಕುವ ಸಾಫ್ಟ್‌ವೇರ್ ಯಾವ ಅಂಗಡಿಯಲ್ಲೂ ಇಲ್ಲ. ನಿಮ್ಮ ಪಾಸ್‌ವರ್ಡ್ ಹಾಕಿ ಅವರು ನೋಡುವುದು ಅಳಿಸಿದ ಫೈಲ್‌ಗಳು ಹೋಗಿ ಬೀಳುವ ಟ್ರ್ಯಾಶ್ ಫೋಲ್ಡರನ್ನು. ಎರಡೂವರೆ ತಿಂಗಳಾದ ಮೇಲೆ ಅಲ್ಲಿ ಏನೂ ಉಳಿದಿರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ನ ಡಿಸ್ಕ್) ಇದ್ದರೆ ಅಲ್ಲೂ ಆಸೆ ಕಡಿಮೆ. ಅಳಿಸಿದ ಜಾಗವನ್ನು ಅದು ತಾನೇ ಸ್ವಚ್ಛ ಮಾಡಿಕೊಳ್ಳುತ್ತದೆ. ಕಷ್ಟದಲ್ಲಿರುವ ವಿದ್ಯಾರ್ಥಿಗಳ ಕೈಯಿಂದ ಹೀಗೆ ಹಣ ಕೀಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಪಾಸ್‌ವರ್ಡ್ ಈಗಾಗಲೇ ಹೇಳಿದ್ದರೆ ಇವತ್ತೇ ಬದಲಾಯಿಸಿ, ಎರಡು ಹಂತದ ಪರಿಶೀಲನೆಯನ್ನೂ ಹಾಕಿ.

ಇನ್ನು ಆದದ್ದೇನು ಅಂತ ನೋಡೋಣ. ಐದು ಲ್ಯಾಪ್‌ಟಾಪ್‌ಗಳಲ್ಲಿ ಕಾಣುತ್ತಿತ್ತು, ಹಾಗಾಗಿ ಐದು ಪ್ರತಿ ಇತ್ತು ಅಂತ ನೀವು ಲೆಕ್ಕ ಹಾಕಿದಿರಿ. ಇದ್ದದ್ದು ಒಂದೇ. ಒಂದು ತೊಟ್ಟಿಗೆ ಐದು ನಲ್ಲಿ ಹಾಕಿದ ಹಾಗೆ. ತೊಟ್ಟಿ ಖಾಲಿಯಾದರೆ ಯಾವ ನಲ್ಲಿ ತಿರುಗಿಸಿದರೂ ನೀರು ಬರುವುದಿಲ್ಲ. ಸಿಂಕ್ ಮಾಡುವ ಪ್ರೋಗ್ರಾಮಿನ ಕೆಲಸವೇ ಎಲ್ಲಾ ಕಡೆ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು. ನೀವು ಹೊಸ ಶೀಟ್ ಹಾಕಿದರೆ ಅದನ್ನು ಎಲ್ಲಾ ಕಡೆ ಕಳಿಸುತ್ತದೆ. ಅಳಿಸಿದರೆ ಆ ಅಳಿಸಿದ್ದನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲಾ ಕಡೆ ಕಳಿಸುತ್ತದೆ. ಬೇಕೆಂದು ಅಳಿಸಿದಿರೋ, ಜಾಗ ಮಾಡಲು ಅಳಿಸಿದಿರೋ ಅದಕ್ಕೆ ಗೊತ್ತಾಗುವುದಿಲ್ಲ. ಜಾಗ ಮಾತ್ರ ಬೇಕಿದ್ದರೆ ಡ್ರೈವ್ ಪ್ರೋಗ್ರಾಮಿನಲ್ಲಿ ಸ್ಟ್ರೀಮ್ ಅನ್ನುವ ಆಯ್ಕೆ ಇದೆ. ಆಗ ಫೈಲ್ ಕ್ಲೌಡ್‌ನಲ್ಲಿರುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಹೆಸರಷ್ಟೇ ಕಾಣುತ್ತದೆ. ಹಾಗಂತ ಅಲ್ಲಿ ಡಿಲೀಟ್ ಒತ್ತಿದರೂ ಹೋಗುವುದು ನಿಜವಾದ ಫೈಲೇ, ನೆನಪಿರಲಿ.

ಗಡುವುಗಳನ್ನೂ ತಿಳಿದುಕೊಳ್ಳಿ. ಗೂಗಲ್ ಡ್ರೈವ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ. ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಯಲ್ಲೂ 30 ದಿನ. ಒನ್‌ಡ್ರೈವ್‌ನ ವೈಯಕ್ತಿಕ ಖಾತೆಯಲ್ಲೂ 30, ಸಂಸ್ಥೆಯ ಖಾತೆಯಾದರೆ ಸಾಮಾನ್ಯವಾಗಿ 93. ಗೂಗಲ್‌ನ ಸಂಸ್ಥೆ ಖಾತೆಯಾಗಿದ್ದರೆ, ಟ್ರ್ಯಾಶ್‌ನಿಂದ ಹೋದ ಮೇಲೂ 25 ದಿನದೊಳಗೆ ಅಡ್ಮಿನ್ (ಸಂಸ್ಥೆಯ ಖಾತೆಗಳನ್ನು ನೋಡಿಕೊಳ್ಳುವವರು) ವಾಪಸ್ ತರಬಹುದು. ನಿಮ್ಮದು ಸ್ವಂತ ಜಿಮೇಲ್, ಎರಡೂವರೆ ತಿಂಗಳು ಬೇರೆ ಆಗಿದೆ. ಆ ದಾರಿ ಮುಚ್ಚಿದೆ.

ಆದರೂ ಎಲ್ಲಾ ಹೋಗಿರಲಿಕ್ಕಿಲ್ಲ. ನಿಮ್ಮ ಅಂಗಡಿಯವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಗೂಗಲ್ ಡ್ರೈವ್‌ನ ಮಾಮೂಲಿ ಶೇರ್ ಫೋಲ್ಡರಿನಲ್ಲಿ ಫೋಲ್ಡರ್ ನಿಮ್ಮದೇ ಆದರೂ, ಬೇರೆಯವರು ಹಾಕಿದ ಫೈಲ್‌ಗೆ ಅವರೇ ಮಾಲೀಕರು. ನೀವು ಫೋಲ್ಡರ್ ಅಳಿಸಿದಾಗ ನಿಮ್ಮ ಫೈಲ್‌ಗಳು ಹೋಗುತ್ತವೆ. ಅವರವು ಫೋಲ್ಡರ್ ಇಲ್ಲದೆ ಅವರವರ ಖಾತೆಯಲ್ಲೇ ಎಲ್ಲೋ ಅನಾಥವಾಗಿ ಉಳಿದಿರುತ್ತವೆ. ಹಾಗಾಗಿ ಉಳಿದ ನಾಲ್ವರೂ ಬ್ರೌಸರ್‌ನಲ್ಲಿ ಡ್ರೈವ್ ತೆರೆಯಲಿ. ಹುಡುಕಾಟದಲ್ಲಿ ಮಾಲೀಕರ ಜಾಗದಲ್ಲಿ ತಮ್ಮನ್ನೇ ಆರಿಸಿಕೊಂಡು ಫೈಲಿನ ಹೆಸರು ಹಾಕಿ ಹುಡುಕಲಿ. ಅರ್ಧ ಡೇಟಾ ಅಲ್ಲೇ ಸಿಕ್ಕರೂ ಆಶ್ಚರ್ಯ ಇಲ್ಲ.

ಆಮೇಲೆ ಗೈಡ್‌ಗೆ ಕಳಿಸಿದ ಹಳೆಯ ಮೇಲ್‌ಗಳ ಅಟ್ಯಾಚ್‌ಮೆಂಟ್ ನೋಡಿ. ಎಲ್ಲರ ಡೌನ್‌ಲೋಡ್ಸ್ ಫೋಲ್ಡರ್ ನೋಡಿ. ಫೋಟೋ ತೆಗೆದ ಕ್ಯಾಮೆರಾ ಕಾರ್ಡ್ ಇದ್ದರೆ ಅದನ್ನು ಹೊರಗೆ ತೆಗೆದಿಟ್ಟುಬಿಡಿ, ಹೊಸದಾಗಿ ಒಂದು ಫೋಟೋವನ್ನೂ ತೆಗೆಯಬೇಡಿ. ಅಳಿಸಿದ ಚಿತ್ರಗಳನ್ನು ಅಂಥ ಕಾರ್ಡ್‌ನಿಂದ ತೆಗೆಯಲು ಫೋಟೋರೆಕ್ ಅನ್ನುವ ಉಚಿತ ಪ್ರೋಗ್ರಾಮ್ ಇದೆ. ಇದಕ್ಕೆ ನಿಜವಾಗಿ ಆಸೆ ಇಟ್ಟುಕೊಳ್ಳಬಹುದು. ಕೊನೆಗೆ ಫೀಲ್ಡ್ ಪುಸ್ತಕ. ಗದ್ದೆಯ ಬದುವಿನಲ್ಲಿ ನಿಂತು ಪೆನ್ಸಿಲ್‌ನಲ್ಲಿ ಬರೆದ ಅಂಕಿ ಇದ್ದರೆ ಐದು ಜನ ಕೂತು ಮತ್ತೆ ಟೈಪ್ ಮಾಡಿ. ಬೇಸರದ ಕೆಲಸ, ನಿಜ. ಆದರೆ ಕಳೆದ ವರ್ಷದ ಮುಂಗಾರನ್ನು ಮತ್ತೆ ಬೆಳೆಯಲು ಆಗುವುದಿಲ್ಲ. ಏನು ಹೋಯಿತು, ಏನು ಸಿಕ್ಕಿತು ಅಂತ ಗೈಡ್‌ಗೆ ಬರೆದು ಕೊಡಿ. ಇಲ್ಲದ ಅಂಕಿಯನ್ನು ನೆನಪಿನಿಂದ ತುಂಬುವ ಯೋಚನೆ ಮಾತ್ರ ಬೇಡ.

"ದೊಡ್ಡ ಕಂಪನಿ, ದೊಡ್ಡ ಸರ್ವರ್, ಅಲ್ಲಿ ಏನೂ ಹೋಗಲ್ಲ" ಎಂಬ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್‌ನಲ್ಲಿದ್ದ ಸುಮಾರು 77 ಟೆರಾಬೈಟ್ ಡೇಟಾ ಅಳಿಸಿಹೋಯಿತು. ಅಳಿಸಿದ್ದು ಬ್ಯಾಕಪ್ ಪ್ರೋಗ್ರಾಮಿನದೇ ದೋಷ. 14 ಸಂಶೋಧನಾ ತಂಡಗಳಿಗೆ ಪೆಟ್ಟು ಬಿತ್ತು, ಅವುಗಳಲ್ಲಿ 4 ತಂಡಗಳ ಡೇಟಾ ವಾಪಸ್ ಬರಲೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನ ಸರ್ಕಾರಿ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ನೌಕರರು ಫೈಲ್ ಇಡುತ್ತಿದ್ದ ಜಿ-ಡ್ರೈವ್ ಎಂಬ ಕ್ಲೌಡ್‌ನ 858 ಟೆರಾಬೈಟ್ ಸುಟ್ಟುಹೋಯಿತು. ಬೇರೆ ಕಡೆ ಪ್ರತಿ ಇರಲಿಲ್ಲ. ದೇಶದ ಸರ್ಕಾರಕ್ಕೇ ಹೀಗಾಗುತ್ತದೆ ಅಂದರೆ ನಮ್ಮ ನಿಮ್ಮ ಜಿಮೇಲ್ ಯಾವ ಲೆಕ್ಕ?

ಇನ್ನು ಮುಂದೆ ಮಾಡಬೇಕಾದ್ದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ ಅಥವಾ ಕನಿಷ್ಠ ಬೇರೆ ಕಟ್ಟಡದಲ್ಲಿ. ಇದು ಹಳೆಯ ನಿಯಮ, ಇನ್ನೂ ಕೆಲಸ ಮಾಡುತ್ತದೆ. ಸಂಸ್ಥೆಯ ಖಾತೆ ಇದ್ದರೆ ಅದರಲ್ಲಿ ಶೇರ್ಡ್ ಡ್ರೈವ್ ಮಾಡಿಸಿ. ಅಲ್ಲಿ ಫೈಲ್‌ಗೆ ಸಂಸ್ಥೆಯೇ ಮಾಲೀಕ, ಒಬ್ಬರು ಬಿಟ್ಟುಹೋದರೂ ಡೇಟಾ ಹೋಗುವುದಿಲ್ಲ. ಹೊಸಬರಿಗೆ ಕಂಟ್ರಿಬ್ಯೂಟರ್ ಹಕ್ಕು ಸಾಕು. ಅವರು ಫೈಲ್ ಸೇರಿಸಬಹುದು, ಅಳಿಸಲಾಗದು. ಸ್ವಂತ ಜಿಮೇಲ್‌ನಲ್ಲಿ ತಂಡದ ಡೇಟಾ ಇಡುವುದನ್ನು ಇವತ್ತಿಗೇ ನಿಲ್ಲಿಸಿ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು ಅನ್ನುವುದೂ ತಿಳಿದಿರಲಿ.

ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಳ್ಳಿ. ಅಂಗಡಿಯವರು ಕೇಳಿದ 12 ಸಾವಿರವನ್ನು ಇದಕ್ಕೆ ಹಾಕಿ. ಒಂದು ಲ್ಯಾಬ್‌ನಲ್ಲಿ, ಇನ್ನೊಂದು ಯಾರದಾದರೂ ಮನೆಯಲ್ಲಿ. ಪ್ರತಿ ಶುಕ್ರವಾರ ಹಾಕಿ, ಕಾಪಿ ಮಾಡಿ, ತೆಗೆದಿಡಿ. ಯಾವಾಗಲೂ ಸಿಕ್ಕಿಸಿಯೇ ಇಟ್ಟರೆ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಬಂದ ದಿನ ಅದನ್ನೂ ನುಂಗುತ್ತದೆ. ಕಾಪಿ ಮಾಡುವ ಪ್ರೋಗ್ರಾಮ್‌ಗಳಲ್ಲಿ ಮಿರರ್, ಸಿಂಕ್ ಅನ್ನುವ ಆಯ್ಕೆ ಬೇಡ, ಅವು ಅಳಿಸಿದ್ದನ್ನೂ ನಕಲು ಮಾಡುತ್ತವೆ. ಆರ್‌ಕ್ಲೋನ್ ಎಂಬ ಕಾಪಿ ಪ್ರೋಗ್ರಾಮ್ ಬಳಸುವವರು ಕಾಪಿ ಆಜ್ಞೆಯನ್ನೇ ಕೊಡಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಗೂಗಲ್ ಡಾಕ್ಸ್, ಗೂಗಲ್ ಶೀಟ್ಸ್‌ನಲ್ಲಿ ಮಾಡಿದ ಫೈಲನ್ನು ಡ್ರೈವ್ ಫೋಲ್ಡರಿನಿಂದ ಎಳೆದು ಹಾರ್ಡ್ ಡಿಸ್ಕ್‌ಗೆ ಹಾಕಿದರೆ ಅಲ್ಲಿಗೆ ಬರುವುದು ಪುಟ್ಟ ಕೊಂಡಿ ಮಾತ್ರ. ಒಳಗೆ ನಿಮ್ಮ ಒಂದು ಅಂಕಿಯೂ ಇರುವುದಿಲ್ಲ. ಕ್ಲೌಡ್‌ನಲ್ಲಿ ಮೂಲ ಹೋದ ದಿನ ಅದು ತೆರೆಯುವುದಿಲ್ಲ. ಎಕ್ಸೆಲ್, ವರ್ಡ್ ರೂಪದಲ್ಲಿ ಡೌನ್‌ಲೋಡ್ ಮಾಡಿ, ಇಲ್ಲವೇ ಖಾತೆಯ ಡೇಟಾವನ್ನು ಒಟ್ಟಿಗೆ ಇಳಿಸಿಕೊಡುವ ಗೂಗಲ್ ಟೇಕ್‌ಔಟ್ ಬಳಸಿ. ತಿಂಗಳಿಗೊಮ್ಮೆ ಹಾರ್ಡ್ ಡಿಸ್ಕ್‌ನಿಂದ ಯಾವುದಾದರೂ ಒಂದು ಫೈಲ್ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪೇಪರ್ ಪ್ರಕಟವಾದ ಮೇಲೆ ಡೇಟಾವನ್ನು ಜೆನೊಡೊ ಎಂಬ ಆನ್‌ಲೈನ್ ಸಂಶೋಧನಾ ಭಂಡಾರದಲ್ಲಿ ಹಾಕಿ. 2013ರಲ್ಲಿ ಶುರುವಾದ ಇದನ್ನು ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ನಡೆಸುತ್ತದೆ, ಉಚಿತ. ಒಂದು ದಾಖಲೆಗೆ 50 ಜಿಬಿವರೆಗೆ ಇಡಬಹುದು, ಡಿಒಐ ಸಂಖ್ಯೆಯೂ (ಆ ಡೇಟಾದ ಕಾಯಂ ಗುರುತು) ಸಿಗುತ್ತದೆ. ನೀವು ಲ್ಯಾಪ್‌ಟಾಪ್ ಬದಲಿಸಿದರೂ, ಊರು ಬದಲಿಸಿದರೂ ಡೇಟಾ ಅಲ್ಲಿರುತ್ತದೆ.

*ಪ್ರಶ್ನೆ: ಗಾರ್ಮೆಂಟ್ಸ್ ಮಹಿಳೆಯರ ಸಂದರ್ಶನದ ಆಡಿಯೋಗಳನ್ನು ಟೈಪಿಸ್ಟ್‌ಗೆ ಅನುಕೂಲವಾಗಲೆಂದು, ಲಿಂಕ್ ಇದ್ದವರೆಲ್ಲ ತೆರೆಯುವಂತೆ ಶೇರ್ ಮಾಡಿದ್ದೇನೆ. ಸಂಶೋಧನೆಗೆ ಕಾನೂನಿನಲ್ಲಿ ವಿನಾಯಿತಿ ಇದೆಯಲ್ಲವೇ? — ಮೈಸೂರು*

ಇದನ್ನು ಓದುವುದನ್ನು ಇಲ್ಲೇ ನಿಲ್ಲಿಸಿ, ಮೊದಲು ಆ ಲಿಂಕ್ ಮುಚ್ಚಿ ಬನ್ನಿ. ಸಂಬಳ, ಸೂಪರ್‌ವೈಸರ್ ಕಾಟ, ಮನೆಯ ಕಷ್ಟ ಎಲ್ಲಾ ನಿಮ್ಮನ್ನು ನಂಬಿ ಹೇಳಿಕೊಂಡಿದ್ದಾರೆ. ಆ ಲಿಂಕ್ ಒಂದು ವಾಟ್ಸಾಪ್ ಗುಂಪಿಗೆ ಹೋದರೆ ಕೆಲಸ ಕಳೆದುಕೊಳ್ಳುವುದು ಅವರು, ನೀವಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ, ಆದರೆ ನಿಗದಿ ಮಾಡಿದ ಮಾನದಂಡ ಪಾಲಿಸಿದವರಿಗೆ ಮಾತ್ರ. ಹೆಸರು ಹೇಳುವ ಭಾಗ ಕತ್ತರಿಸಿ, ಫೈಲಿಗೆ ಸಂಕೇತ ಸಂಖ್ಯೆ ಕೊಡಿ. ಯಾವ ಸಂಖ್ಯೆ ಯಾರದು ಅನ್ನುವ ಪಟ್ಟಿ ಕ್ಲೌಡ್‌ಗೆ ಹೋಗಲೇಬಾರದು. ಟೈಪಿಸ್ಟ್‌ನ ಇಮೇಲ್‌ಗೆ ಮಾತ್ರ ಅನುಮತಿ ಕೊಟ್ಟು, ಕೆಲಸ ಮುಗಿದ ದಿನ ತೆಗೆಯಿರಿ. ಕ್ರಿಪ್ಟೊಮೇಟರ್ ಎಂಬ ಪ್ರೋಗ್ರಾಮ್ ಬಳಸಿದರೆ ಫೈಲ್ ಕ್ಲೌಡ್‌ಗೆ ಹೋಗುವ ಮುಂಚೆಯೇ ಪಾಸ್‌ವರ್ಡಿನ ಬೀಗ ಬೀಳುತ್ತದೆ. ನಾನಾದರೆ ಇಂಥ ಆಡಿಯೋವನ್ನು ಪೆನ್‌ಡ್ರೈವ್‌ಗೆ ಬೀಗ ಹಾಕಿ ಕೈಯಲ್ಲೇ ಕೊಡುತ್ತೇನೆ. ಅತಿಯಾಯಿತು ಅಂದರೂ ಪರವಾಗಿಲ್ಲ.

*ಪ್ರಶ್ನೆ: 499 ರೂಪಾಯಿಗೆ ಆಜೀವ ಅನ್‌ಲಿಮಿಟೆಡ್ ಡ್ರೈವ್ ಕೊಡುತ್ತಾರಂತೆ, ತಗೊಳ್ಳಬಹುದಾ?*

ಬೇಡ. ಯಾವುದೋ ಕಾಲೇಜಿನ ಖಾತೆಯಲ್ಲಿ ಕದ್ದು ಜಾಗ ಮಾಡಿ ಮಾರುವ ದಂಧೆ ಅದು. ಶಿಕ್ಷಣ ಸಂಸ್ಥೆಗಳಿಗಿದ್ದ ಮಿತಿಯಿಲ್ಲದ ಜಾಗವನ್ನು ಗೂಗಲ್ ನಿಲ್ಲಿಸಿ, ಇಡೀ ಸಂಸ್ಥೆಗೆ ಮೂಲವಾಗಿ 100 ಟೆರಾಬೈಟ್ ಅಂತ ಮಿತಿ ಹಾಕಿ ವರ್ಷಗಳಾದವು. ಆ ಕಾಲೇಜಿನ ಅಡ್ಮಿನ್ ಗಮನಿಸಿದ ದಿನ ನಿಮ್ಮ ಫೈಲ್ ಹೋಗುತ್ತದೆ. ದೂರು ಕೊಡಲು ಜಾಗವೂ ಇರುವುದಿಲ್ಲ.

*ಪ್ರಶ್ನೆ: ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ — ಯಾವುದು ಬೆಸ್ಟ್?*

ನಿಮ್ಮ ಸಂಸ್ಥೆ ಯಾವುದಕ್ಕೆ ದುಡ್ಡು ಕಟ್ಟಿದೆಯೋ ಅದು.

*ಪ್ರಶ್ನೆ: ನುಡಿಯಲ್ಲಿ ಟೈಪ್ ಮಾಡಿದ ಪ್ರಬಂಧ ಗೂಗಲ್ ಡಾಕ್ಸ್‌ನಲ್ಲಿ ಕಲಸುಮೇಲೋಗರವಾಗಿ ಕಾಣುತ್ತದೆ. ವೈರಸ್ಸಾ?*

ವೈರಸ್ ಅಲ್ಲ. ನುಡಿಯ ಹಳೆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತವೆ. ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಚೂರುಗಳೇ ಕಾಣುತ್ತವೆ. ಎಲ್ಲಾ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ. ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ. ಸಹಲೇಖಕರ ಜೊತೆ ಸೇರಿ ಬರೆಯುವುದಾದರೆ ಮೊದಲ ಸಾಲಿನಿಂದಲೇ ಯೂನಿಕೋಡ್ ಇರಲಿ.

*ಪ್ರಶ್ನೆ: ಮನೆಯಲ್ಲಿದ್ದ ತಾಳೆಗರಿಗಳನ್ನು ಸ್ಕ್ಯಾನ್ ಮಾಡಿ ವಾಟ್ಸಾಪ್‌ನಲ್ಲಿ ವಿದ್ವಾಂಸರಿಗೆ ಕಳಿಸಿದರೆ ಅಕ್ಷರ ಮಸುಕಾಗಿದೆ ಅನ್ನುತ್ತಾರೆ. — ಶ್ರೀರಂಗಪಟ್ಟಣ*

ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಗೂಗಲ್ ಫೋಟೋಸ್‌ನ ಸ್ಟೋರೇಜ್ ಸೇವರ್ ಆಯ್ಕೆಯೂ ಹಾಗೇ ಮಾಡುತ್ತದೆ. ಸ್ಕ್ಯಾನನ್ನು ಗುಣಮಟ್ಟ ಕುಗ್ಗದ ಟಿಫ್ ರೂಪದಲ್ಲೇ ಉಳಿಸಿ, ಡ್ರೈವ್‌ನಲ್ಲಿ ಫೈಲ್ ಆಗಿ ಹಾಕಿ, ಆ ವಿದ್ವಾಂಸರ ಇಮೇಲ್‌ಗೆ ನೋಡುವ ಅನುಮತಿ ಮಾತ್ರ ಕೊಡಿ. ಪ್ರತಿ ಗರಿಯ ಎರಡೂ ಬದಿಗೆ ಸಂಖ್ಯೆ ಹಾಕಿ ಹೆಸರಿಡಿ, ಇಲ್ಲದಿದ್ದರೆ ಓದುವವರಿಗೆ ಯಾವ ಗರಿ ಮೊದಲು ಅಂತ ಗೊತ್ತಾಗುವುದಿಲ್ಲ.