ನಮ್ಮ ಶಟಲ್ ಹಾಲ್ ಕೆಡವಲೇಬೇಕಾ?

ಪ್ರಶ್ನೆ: ಮೇಡಂ, ನಮ್ಮ ಬಡಾವಣೆಯ ಅಸೋಸಿಯೇಷನ್ ಕಟ್ಟಡಕ್ಕೆ ಸುಮಾರು ಎಂಬತ್ತು ವರ್ಷ. ಮಂಗಳೂರು ಹೆಂಚು, ಕೆಂಪು ನೆಲ, ಮುಂದೆ ಜಗಲಿ. ಒಳಗೆ ಒಂದೇ ಒಂದು ಶಟಲ್ ಕೋರ್ಟ್. ಪಕ್ಕದ ಕೋಣೆಯಲ್ಲಿ ಕೇರಂ ಬೋರ್ಡ್, ಪೇಪರ್ ಓದುವ ಮೇಜು. ಮಳೆಗಾಲದಲ್ಲಿ ಸೋರುತ್ತದೆ. ಹೊಸ ಕಮಿಟಿಯವರು ಇದನ್ನು ಕೆಡವಿ ನಾಲ್ಕು ಅಂತಸ್ತು ಕಟ್ಟೋಣ, ಕೆಳಗೆ ಪಾರ್ಟಿ ಹಾಲ್, ಮೇಲೆ ಜಿಮ್ ಅನ್ನುತ್ತಿದ್ದಾರೆ. ನಾನು ಬೇಡ ಅಂದೆ. "ಇದೇನು ಅರಮನೆನಾ ಸಾರ್, ಉಳಿಸಿಕೊಳ್ಳೋಕೆ?" ಅಂತ ಕಾರ್ಯದರ್ಶಿಗಳು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ನೀವೇ ಹೇಳಿ.
– ನಿವೃತ್ತ ಅಧ್ಯಾಪಕರು, ಬೆಂಗಳೂರು

ಉತ್ತರ: ಸಾರ್, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಪೇಪರ್ ಓದುವ ಮೇಜಿನ ಹತ್ತಿರ ಬಂದಾಗ ಎರಡು ಸಲವೂ ನಿಂತುಬಿಟ್ಟೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ. 1958ರ ಕೇಂದ್ರದ ಕಾಯ್ದೆ ಪ್ರಕಾರ ಪ್ರಾಚೀನ ಸ್ಮಾರಕ ಅನ್ನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು. ನಿಮ್ಮದಕ್ಕೆ ಎಂಬತ್ತು. ಆ ಬಾಗಿಲು ಸದ್ಯಕ್ಕೆ ಮುಚ್ಚಿದೆ ಅಂತಲೇ ಇಟ್ಟುಕೊಳ್ಳಿ. ಹಾಗಂತ ಕಟ್ಟಡಕ್ಕೆ ಬೆಲೆ ಇಲ್ಲ ಅಂತ ಅರ್ಥ ಅಲ್ಲ.

ಪ್ರಕಾಶ್ ಪಡುಕೋಣೆ ಅವರ ಆಟ ಶುರುವಾದದ್ದು ಎಲ್ಲಿ, ನಿಮಗೆ ಗೊತ್ತಿರುತ್ತದೆ. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ. ಅದು ಮದುವೆ ಹಾಲು. ಮದುವೆ ಇದ್ದ ದಿನ ಆಟ ಇಲ್ಲ. ಇಲ್ಲದ ದಿನ ಶಾಲೆ ಬಿಟ್ಟ ಕೂಡಲೇ ಹುಡುಗ ಅಲ್ಲಿಗೆ ಓಡುತ್ತಿದ್ದ. ಇದನ್ನು ಅವರೇ ಹೇಳಿಕೊಂಡಿದ್ದಾರೆ. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾಗಿದ್ದವರು. ಅಂಥ ಮನೆಯ ಮಗನಿಗೂ ಸಿಕ್ಕಿದ್ದು ಈ ಹಾಲೇ. ಅಲ್ಲಿಂದ ಹೊರಟವರು 1971ರಿಂದ 1979ರವರೆಗೆ ಸತತ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್ ಆದರು. 1980ರಲ್ಲಿ ಲಂಡನ್ನಿನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದರು.

ಬ್ಯಾಡ್ಮಿಂಟನ್ ಕೋರ್ಟ್ ಅಂದರೆ 44 ಅಡಿ ಉದ್ದ, 20 ಅಡಿ ಅಗಲ, ಅಷ್ಟೇ. ಒಂದು ಸಾಧಾರಣ ಮದುವೆ ಹಾಲಿನಲ್ಲಿ ಹಿಡಿಸುತ್ತದೆ. 1898ರ ಪ್ಲೇಗ್ ಆದಮೇಲೆ ಪೇಟೆಯ ಇಕ್ಕಟ್ಟಿನಿಂದ ಜನ ಮಲ್ಲೇಶ್ವರ, ಬಸವನಗುಡಿಗಳಿಗೆ ಬಂದು ನೆಲೆಸಿದರು. ದೇವಸ್ಥಾನ, ಪಾರ್ಕು ಆದವು. ಆಮೇಲೆ ಸಂಜೆ ಹೊತ್ತು ಸೇರಲು ಒಂದು ಜಾಗ ಬೇಕಾಯಿತು. ದೊಡ್ಡ ಮೈದಾನ ಕಟ್ಟಿಸುವ ದುಡ್ಡು ಬಡಾವಣೆಯವರ ಹತ್ತಿರ ಎಲ್ಲಿಂದ ಬರಬೇಕು? ಒಂದು ಹಾಲ್ ಕಟ್ಟಿದರು. ಅದರಲ್ಲೇ ಮದುವೆ, ಅದರಲ್ಲೇ ಹರಿಕಥೆ, ಅದರಲ್ಲೇ ಶಟಲ್. ನಮ್ಮಲ್ಲಿ ಈ ಆಟ ಇಷ್ಟು ಬೇರು ಬಿಟ್ಟದ್ದು ಇಂಥ ಹಾಲುಗಳಿಂದ ಅಂತ ನಾನು ನಂಬಿದ್ದೇನೆ.

ನಾನು ಬೆಳೆದ ಬಡಾವಣೆಯಲ್ಲೂ ಒಂದು ಇತ್ತು. ಕೆಂಪು ನೆಲದ ಮೇಲೆ ಬಿಳಿ ಗೆರೆ. ಸರ್ವಿಸ್ ಗೆರೆ ಒಂದು ಕಡೆ ಪೂರ್ತಿ ಅಳಿಸಿಹೋಗಿತ್ತು. ಎಲ್ಲರೂ ಬಲಗಾಲು ಊರುತ್ತಿದ್ದದ್ದು ಅಲ್ಲೇ. ನೆಟ್ಟಿನ ಕಂಬ ನಿಲ್ಲಿಸುವ ಎರಡು ಗುಂಡಿಗಳಿಗೆ ಹಿತ್ತಾಳೆಯ ಮುಚ್ಚಳ. ಮದುವೆ ಇದ್ದಾಗ ಅದರ ಮೇಲೇ ಪಂಕ್ತಿ ಹಾಕುತ್ತಿದ್ದರು. ಮಾರನೇ ದಿನ ನಾವು ಮುಚ್ಚಳ ತೆಗೆದರೆ ಒಳಗೆ ಒಂದೆರಡು ಅಗುಳು ಅನ್ನ ಇರುತ್ತಿತ್ತು. ಮಾಡಿನಲ್ಲಿ ನಾಲ್ಕು ಗಾಜಿನ ಹೆಂಚು. ಸಂಜೆ ಆರರವರೆಗೆ ಆ ಬೆಳಕಿನಲ್ಲೇ ಆಟ. ಅಪ್ಪ ಮನೆಗೆ ಬಂದು ರ‍್ಯಾಕೆಟ್ಟು ಸೊಟ್ಟಗಾಗದಿರಲಿ ಅಂತ ಅದಕ್ಕೆ ಮರದ ಪ್ರೆಸ್ ಹಾಕಿ, ನಾಲ್ಕು ಮೂಲೆಯ ಸ್ಕ್ರೂ ಬಿಗಿದು ಗೂಟಕ್ಕೆ ನೇತುಹಾಕುತ್ತಿದ್ದರು. ನಾನು ಕಾಲೇಜಿನಲ್ಲಿದ್ದಾಗ ಆ ಹಾಲ್ ಕೆಡವಿದರು. ಗೆದ್ದವರ ಹೆಸರು ಬರೆದ ಮರದ ಹಲಗೆ ಸೌದೆ ಲೆಕ್ಕದಲ್ಲಿ ಹೋಯಿತು. ಅದರಲ್ಲಿ ನನ್ನ ಅಪ್ಪನ ಹೆಸರು ಎರಡು ಸಲ ಇತ್ತು. ನನಗೆ ಈಗಲೂ ಸಂಕಟವಾಗುತ್ತದೆ.

ಆಸ್ಟ್ರೇಲಿಯಾದಲ್ಲಿ ಬರ್ರಾ ಅಂತ ಒಂದು ಹಳೆಯ ತಾಮ್ರದ ಗಣಿಯ ಊರಿದೆ. 1979ರಲ್ಲಿ ಅಲ್ಲಿ ಸಭೆ ಸೇರಿ ಹಳೇ ಜಾಗಗಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಒಂದು ಸನ್ನದು ಒಪ್ಪಿಕೊಂಡರು. ಚಂದ, ಇತಿಹಾಸ ಇವುಗಳ ಜೊತೆಗೆ ಜನರಿಗೂ ಜಾಗಕ್ಕೂ ಇರುವ ನಂಟನ್ನೂ ಅದರಲ್ಲಿ ಬೆಲೆ ಅಂತ ಎಣಿಸಿದ್ದಾರೆ. ನಿಮ್ಮ ಪೇಪರ್ ಮೇಜಿನ ಹತ್ತಿರ ನಾನು ನಿಂತದ್ದು ಅದಕ್ಕೇ. ದಿನಾ ಬೆಳಿಗ್ಗೆ ಬಂದು ಅಲ್ಲಿ ಕೂರುವವರು ಎಷ್ಟು ಜನ? ಎಷ್ಟು ವರ್ಷದಿಂದ? ಮಧ್ಯಾಹ್ನ ಕೇರಂ ಆಡುವ ಹುಡುಗರಿಗೆ ನಾಲ್ಕನೇ ಅಂತಸ್ತಿನ ಜಿಮ್‌ನಲ್ಲಿ ಸುಮ್ನೆ ಹೋಗಿ ಕೂರಲು ಬಿಡುತ್ತಾರಾ? ಕಾರ್ಯದರ್ಶಿಗಳಿಗೆ ಇದನ್ನೇ ಕೇಳಿ.

ಇನ್ನು ಸೋರುವ ವಿಷಯ. ಹೆಂಚಿನ ಮನೆ ಸೋರಿದರೆ ಕಟ್ಟಡ ಮುಗಿಯಿತು ಅಂತ ತಿಳಿಯಬೇಡಿ. ಜಾಸ್ತಿ ಕಡೆ ನಾನು ಕಂಡದ್ದು ಒಡೆದ ಹೆಂಚು, ಹೆಂಚಿನ ಕೆಳಗೆ ಗೆದ್ದಲು ತಿಂದ ರೀಪರ್ ಪಟ್ಟಿ, ಎಲೆ ಕಟ್ಟಿಕೊಂಡ, ಮಳೆನೀರು ಹರಿಯುವ ತಗಡಿನ ದೋಣಿ. ಇವೆಲ್ಲ ರಿಪೇರಿಯ ಕೆಲಸ. ಗೋಡೆ ಸುಣ್ಣದ ಗಾರೆಯದ್ದಾದರೆ ಅದರ ಮೇಲೆ ಸಿಮೆಂಟ್ ಬಳಿಸಬೇಡಿ. ತೇವ ಹೊರಗೆ ಹೋಗಲಾರದೆ ಒಳಗೇ ಉಳಿದು ಗೋಡೆ ಉದುರುತ್ತದೆ. ಸುಣ್ಣದ ಕೆಲಸ ಬಲ್ಲ ಎಂಜಿನಿಯರನ್ನು ಕರೆಸಿ, ರಿಪೇರಿಗೇ ಬೇರೆ ಎಸ್ಟಿಮೇಟ್ ಬರೆಸಿ. ಹೊಸ ಕಟ್ಟಡದ ಎಸ್ಟಿಮೇಟ್ ಒಂದನ್ನೇ ಮುಂದಿಟ್ಟು ಸರ್ವಸದಸ್ಯರ ಸಭೆಯಲ್ಲಿ ಕೈ ಎತ್ತಿಸಿದರೆ ಅದು ನ್ಯಾಯ ಅಲ್ಲ, ಅಲ್ವಾ? ನಿಮ್ಮ ಬೈಲಾದಲ್ಲಿ ವಿಶೇಷ ಸಭೆ ಕರೆಯಲು ಎಷ್ಟು ಸದಸ್ಯರ ಸಹಿ ಬೇಕು ಅಂತ ನೋಡಿ, ಈ ವಾರವೇ ಸಹಿ ಹಾಕಿಸಲು ಶುರು ಮಾಡಿ.

ಅಷ್ಟರೊಳಗೆ ಹಳೇ ನಡಾವಳಿ ಪುಸ್ತಕ, ಚಂದಾ ರಿಜಿಸ್ಟರು, ಟೂರ್ನಮೆಂಟ್ ಫೋಟೋ ಏನಿದೆಯೋ ಎಲ್ಲದರ ಚಿತ್ರ ತೆಗೆದಿಡಿ. ಕಟ್ಟಲು ಯಾರು ಯಾರು ಎಷ್ಟು ಕೊಟ್ಟರು ಅಂತ ಎಲ್ಲಾದರೂ ಬರೆದಿರುತ್ತದೆ. ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ. ಅವರ ಮೊಮ್ಮಕ್ಕಳು ಅಲ್ಲೇ ಕೂತಿರುತ್ತಾರೆ. ಜಿಮ್ ಬೇಕು ಅನ್ನುವ ಹುಡುಗರ ಮೇಲೆ ಸಿಟ್ಟಾಗಬೇಡಿ. ಹಿಂದೆ ಜಾಗ ಇದ್ದರೆ ಅವರಿಗೆ ಅಲ್ಲೊಂದು ಚಿಕ್ಕ ಕೋಣೆ ಕಟ್ಟಿಕೊಡಿ. ಹಾಲ್, ನೆಲ, ಜಗಲಿ ಮಾತ್ರ ಮುಟ್ಟಬೇಡಿ.

ಒಂದು ಕೆಲಸ ಮಾಡಿ. ಏಣಿ ಹಾಕಿಸಿ ಒಂದು ಹೆಂಚು ಇಳಿಸಿ, ತಿರುಗಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅವರ ಹಿಂದೆಯೇ ಬೇರೆಯವರೂ ಶುರು ಮಾಡಿದರು. ಹೆಂಚಿನ ಮೇಲೆ ಮಾಡಿದವರ ಹೆಸರು ಅಚ್ಚೊತ್ತಿರುತ್ತದೆ. ನಿಮ್ಮದರಲ್ಲಿ ಏನಿದೆ ಅಂತ ನನಗೆ ಬರೆಯಿರಿ.