ಓದುಗರ ಪ್ರಶ್ನೆ: ಠೇವಣಿ ನಮ್ಮೂರಿನದು, ಸಾಲ ಎಲ್ಲಿಗೆ?

ಪ್ರಶ್ನೆ: ಇನ್ನೆರಡು ಹಸು ತರೋಣ ಅಂತ ಊರಿನ ಬ್ಯಾಂಕಿನಲ್ಲಿ ಒಂದೂವರೆ ಲಕ್ಷ ಸಾಲ ಕೇಳಿದೆ. ‘ಮನೆ ಪತ್ರ ಇಡಿ, ಇಲ್ಲಾಂದ್ರೆ ಆಗಲ್ಲ’ ಅಂದರು. ಊರಿನವರ ಠೇವಣಿ, ಡೇರಿ ಬಟವಾಡೆ ಎಲ್ಲ ಹೋಗುವುದು ಅದೇ ಶಾಖೆಗೆ. ಅಮೆರಿಕದಲ್ಲಿ ಠೇವಣಿ ತಗೊಂಡ ಊರಿಗೆ ಸಾಲವನ್ನೂ ಕೊಡಬೇಕೆಂಬ ಕಾನೂನು ಇದೆಯಂತೆ. ನಮ್ಮಲ್ಲಿ ಇಲ್ಲವೇ?
– ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ ಕಣಮ್ಮ. ಮೊದಲು ಹಸುವಿನ ಮಾತು. ಹೈನುಗಾರಿಕೆಯೂ ಕೃಷಿ ಸಾಲಕ್ಕೇ ಸೇರುತ್ತದೆ. 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. 2025ರ ಜನವರಿ 1ರಿಂದ ಇದು ಜಾರಿಯಲ್ಲಿದೆ. ಅದಕ್ಕೂ ಮೊದಲು ಮಿತಿ 1.6 ಲಕ್ಷ ಇತ್ತು. ಅಂದರೆ ಹಳೇ ಲೆಕ್ಕದಲ್ಲೂ ನಿಮ್ಮ ಮನೆ ಪತ್ರ ಬೇಕಿರಲಿಲ್ಲ! ಆದರೆ ನಿಮ್ಮ ಹೆಸರಲ್ಲಿ ಬೆಳೆಸಾಲ ಇದ್ದರೆ ಅದೂ ಈ ಮಿತಿಯೊಳಗೇ ಬರುತ್ತದೆ.

ಅಮೆರಿಕದ ಕಾನೂನು ನಿಜ, 1977ರದು. ಬಡವರು, ಕಪ್ಪು ಜನ ಇರುವ ಬಡಾವಣೆಗಳಿಗೆ ನಕ್ಷೆಯಲ್ಲಿ ಕೆಂಪು ಗೆರೆ ಎಳೆದು, ಅಲ್ಲಿಯವರಿಗೆ ಮನೆ ಸಾಲ ಕೊಡದೆ ಇದ್ದ ಕಾಲ ಅದು. ಇಷ್ಟೇ ಸಾಲ ಕೊಡಿ ಎಂದು ಆ ಕಾನೂನು ಹೇಳುವುದಿಲ್ಲ. ಠೇವಣಿ ತಗೊಂಡ ಜಾಗದಲ್ಲಿ ಬ್ಯಾಂಕು ಸಾಲ ಕೊಟ್ಟಿದೆಯಾ ಎಂದು ಅಧಿಕಾರಿಗಳು ನೋಡಿ ದರ್ಜೆ ಕೊಡುತ್ತಾರೆ. ಹೊಸ ಶಾಖೆಗೋ ವಿಲೀನಕ್ಕೋ ಒಪ್ಪಿಗೆ ಕೇಳುವಾಗ ಆ ದರ್ಜೆ ಲೆಕ್ಕಕ್ಕೆ ಬರುತ್ತದೆ.

ನಮ್ಮಲ್ಲಿ ಉಲ್ಟಾ. ವಾಣಿಜ್ಯ ಬ್ಯಾಂಕುಗಳ ಸಾಲದಲ್ಲಿ ಶೇ. 40 ಆದ್ಯತಾ ವಲಯಕ್ಕೆ, ಅಂದರೆ ಕೃಷಿ, ಸಣ್ಣ ಉದ್ಯಮದಂಥವಕ್ಕೆ ಹೋಗಬೇಕು; ಆ ನಲವತ್ತರಲ್ಲಿ ಹದಿನೆಂಟು ಕೃಷಿಗೆ. ಆದರೆ ಈ ಲೆಕ್ಕ ಇಡೀ ದೇಶಕ್ಕೆ ಸೇರಿಸಿ. ಪಾಂಡವಪುರದಲ್ಲಿ ಒಂದು ರೂಪಾಯಿ ಕೊಡದೆ ಇನ್ನೆಲ್ಲೋ ಕೊಟ್ಟರೂ ಗುರಿ ಮುಟ್ಟಿದಂತೆಯೇ. ಕೃಷಿ ಸಾಲದ ಮೇಜಿನಲ್ಲಿ ಕೂತು ನಿವೃತ್ತಳಾದ ನನಗೆ ಇದು ಈಗಲೂ ಸಂಕಟ. ಪ್ರತಿ ಶಾಖೆಯೂ ಎಷ್ಟು ಠೇವಣಿ ತಗೊಂಡಿತು, ಎಷ್ಟು ಸಾಲ ಕೊಟ್ಟಿತು ಅಂತ ಬಾಗಿಲಲ್ಲೇ ಬರೆದು ಹಾಕಬೇಕು. ಊರಿನವರಿಗೆ ಅಷ್ಟಾದರೂ ಗೊತ್ತಾಗಬೇಕು ಅಲ್ವಾ?

ಜಿಲ್ಲೆಯ ಮಟ್ಟದಲ್ಲಿ ಮಾತ್ರ ಕೇಳುವವರಿದ್ದಾರೆ. 1969ರಿಂದ ಲೀಡ್ ಬ್ಯಾಂಕ್ ಪದ್ಧತಿ ಇದೆ, ಅಂದರೆ ಜಿಲ್ಲೆಯ ಎಲ್ಲ ಬ್ಯಾಂಕುಗಳ ಸಾಲದ ಕೆಲಸ ಹೊಂದಿಸುವ ಹೊಣೆ ಒಂದು ಬ್ಯಾಂಕಿಗೆ. ಮಂಡ್ಯಕ್ಕೆ ಮೊದಲು ವಿಜಯಾ ಬ್ಯಾಂಕ್ ಇತ್ತು, 2019ರಲ್ಲಿ ಅದು ವಿಲೀನವಾದ ಮೇಲೆ ಬ್ಯಾಂಕ್ ಆಫ್ ಬರೋಡಾ. ನೂರು ರೂಪಾಯಿ ಠೇವಣಿಗೆ ಎಷ್ಟು ಸಾಲ ಹೋಯಿತು ಎಂಬುದನ್ನು ಜಿಲ್ಲಾಧಿಕಾರಿಗಳ ಸಭೆಯಲ್ಲಿ ನೋಡುತ್ತಾರೆ. ಜಿಲ್ಲೆಯಲ್ಲಿ ಅದು ನಲವತ್ತಕ್ಕಿಂತ ಕಡಿಮೆಯಾದರೆ ವಿಶೇಷ ಉಪಸಮಿತಿ ಮಾಡಬೇಕು.

ನೀವು ಬಾಯಿಮಾತಲ್ಲಿ ಕೇಳಬೇಡಿ. ಅರ್ಜಿ ಕೊಡಿ, ಜೊತೆಗೆ ಡೇರಿ ಬಟವಾಡೆ ಜಮೆಯಾದ ಪಾಸ್‌ಬುಕ್ ಪುಟಗಳ ಜೆರಾಕ್ಸ್ ಇಡಿ. ಹದಿನೈದು ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಬೀಳುವ ಆ ದುಡ್ಡೇ ನಿಮ್ಮ ಆದಾಯಕ್ಕೆ ಸಾಕ್ಷಿ. ಅರ್ಜಿ ಡ್ರಾಯರ್‌ಗೆ ಹೋಗುವ ಮೊದಲು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸ್ವೀಕೃತಿ ಕೊಡುವುದು ಅವರ ಕೆಲಸ. ಆಗಲ್ಲ ಅಂದರೆ ಕಾರಣ ಬರೆದು ಕೊಡಿ ಅನ್ನಿ. ಅದನ್ನು ಹಿಡಿದು ಮಂಡ್ಯದ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಿ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಸರಿಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ. ಏನು ತಿಳಿಯದಿದ್ದರೂ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ಕ್ಕೆ ಫೋನ್ ಮಾಡಿ ಕೇಳಿ.