ಲೇಖನ ಶುರುವಾಗಬೇಕಾದದ್ದು ಆ ಅಜ್ಜನಿಂದ

ನಮಸ್ಕಾರ.

‘ನೀತಿಶಾಸ್ತ್ರ: ಒಂದು ಪರಿಚಯ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಲೇಖನದ ಜೊತೆ ನೀವು ಕಳಿಸಿದ್ದ ಒಂದೂವರೆ ಪುಟದ ಪತ್ರವನ್ನು ನಾಲ್ಕು ಸಲ ಓದಿದೆ. ಈ ಉತ್ತರ ಇಷ್ಟು ಉದ್ದವಾಗಿರುವುದಕ್ಕೆ ಆ ಪತ್ರವೇ ಕಾರಣ.

ಲೇಖನದಲ್ಲಿ ಹದಿನಾಲ್ಕು ವಾದಗಳಿವೆ. ಸಾಕ್ರೆಟಿಸ್‌ನಿಂದ ಹೊರಟು ನಮ್ಮ ಕಾಲದ ಪೀಟರ್ ಸಿಂಗರ್‌ವರೆಗೆ ಬರುತ್ತೀರಿ. ಒಬ್ಬೊಬ್ಬರಿಗೂ ಒಂದು ಪ್ಯಾರಾ: ಹುಟ್ಟಿದ ಇಸವಿ, ಮುಖ್ಯ ಪುಸ್ತಕ, ಸಿದ್ಧಾಂತದ ವ್ಯಾಖ್ಯೆ, ಕೊನೆಗೆ ‘ಆದರೂ ಈ ಸಿದ್ಧಾಂತಕ್ಕೆ ತನ್ನದೇ ಆದ ಮಿತಿಗಳಿವೆ’ ಎಂಬ ಸಾಲು. ಆ ಸಾಲು ಒಂಬತ್ತು ಕಡೆ ಬಂದಿದೆ. ಯಾವ ಮಿತಿ, ಅದು ಯಾರ ಕಾಲಿಗೆ ತೊಡರಿತು ಎಂದು ಒಂದು ಕಡೆಯೂ ಇಲ್ಲ. ಪರೀಕ್ಷೆಗೆ ಕೂರುವವರ ನೋಟ್ಸ್‌ನಲ್ಲಿ ಇಷ್ಟೆಲ್ಲ ಸಿಗುತ್ತದೆ, ಅವರಿಗೆ ಅದು ಬೇಕು ಕೂಡ. ನಮ್ಮ ಪತ್ರಿಕೆಯನ್ನು ಊಟವಾದ ಮೇಲೆ ಕೈಗೆತ್ತಿಕೊಳ್ಳುವವರಿಗೆ ಅದರಿಂದ ಏನೂ ಸಿಗುವುದಿಲ್ಲ.

ಇನ್ನು ಪತ್ರ. ನೀವು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವರು. ಒಂದು ಸಂಜೆ ಒಬ್ಬರು ಅಜ್ಜ ಮಗನ ಜೊತೆ ಬಂದರು. ನೀವು ಕೊಟ್ಟ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿ, ಕನ್ನಡಕ ಹಣೆಗೇರಿಸಿ, ‘ಇದು ಯಾವುದಕ್ಕೆ ಕೊಟ್ಟಿರೋದು ಮಗಾ?’ ಎಂದು ಕೇಳಿದರು. ಹಿಂದೆ ನಿಂತಿದ್ದ ಮಗ ಹೇಳಬೇಡಿ ಎನ್ನುವಂತೆ ತಲೆಯಾಡಿಸಿದ. ಅದು ಕ್ಯಾನ್ಸರಿನ ಮಾತ್ರೆ ಎಂದು ನಿಮಗೆ ಗೊತ್ತಿತ್ತು. ‘ಶಕ್ತಿಗೆ ಅಜ್ಜ, ಊಟ ಆದ್ಮೇಲೆ ತಗೊಳ್ಳಿ’ ಅಂದಿರಿ. ಅಜ್ಜ ಪಟ್ಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಬೀಳದಂತೆ ಮೇಲೊಮ್ಮೆ ಕೈಯಿಟ್ಟು ನೋಡಿಕೊಂಡು ಮೆಟ್ಟಿಲಿಳಿದರು. ಆ ರಾತ್ರಿ ನಿಮಗೆ ನಿದ್ದೆ ಬರಲಿಲ್ಲ. ಅದಾದ ಮೇಲೆಯೇ ನೀವು ನೀತಿಶಾಸ್ತ್ರದ ಪುಸ್ತಕಗಳನ್ನು ಹುಡುಕಿ ಓದತೊಡಗಿದ್ದು.

ಇದನ್ನು ಲೇಖನದಿಂದ ಹೊರಗಿಟ್ಟಿದ್ದೇಕೆ? ತತ್ತ್ವಶಾಸ್ತ್ರದ ಬರಹದಲ್ಲಿ ಅಂಗಡಿಯ ಕೌಂಟರಿಗೆ ಜಾಗವಿಲ್ಲ ಎಂದು ನಿಮಗೆ ಅನ್ನಿಸಿರಬೇಕು. ನೀವು ಓದಿದ ತತ್ತ್ವಜ್ಞಾನಿಗಳಿಗೆ ಹಾಗನ್ನಿಸಿರಲಿಲ್ಲ. ಸುಳ್ಳು ಮಾತು ಕೊಡುವುದು ಯಾಕೆ ತಪ್ಪು ಎಂದು ತೋರಿಸಲು ಜರ್ಮನ್ ತತ್ತ್ವಜ್ಞಾನಿ ಕಾಂಟ್ 1785ರ ಪುಸ್ತಕದಲ್ಲಿ ಎತ್ತಿಕೊಂಡದ್ದು, ವಾಪಸ್ ಕೊಡಲಾಗದು ಎಂದು ಗೊತ್ತಿದ್ದೂ ಕೊಡುತ್ತೇನೆಂದು ಹೇಳಿ ಸಾಲ ಕೇಳುವ ಮನುಷ್ಯನನ್ನು. ನಮ್ಮ ಮಾತಿನಲ್ಲಿ ಕೈಸಾಲ. ಎಲ್ಲರೂ ಹೀಗೆಯೇ ಮಾಡಿದರೆ ‘ಕೊಡ್ತೀನಿ’ ಎಂಬ ಮಾತಿಗೆ ಬೆಲೆಯೇ ಉಳಿಯದು, ಆಗ ಆ ಮೋಸವೂ ನಡೆಯದು. ನೀವು ಇದೇ ಜಾಗದಲ್ಲಿ ಬರೆದಿರುವುದು ‘ನೈತಿಕ ಕರ್ತೃವಿನ ಸ್ವಾಯತ್ತ ಸಂಕಲ್ಪದ ನಿರುಪಾಧಿಕ ಅನುಶಾಸನ’ ಎಂದು. ಅದನ್ನು ಮೂರು ಸಲ ಓದಿ ನಿಲ್ಲಿಸಿದೆ. ‘ಪಾಸಾಗಬೇಕಾದರೆ ಓದು’ ಎನ್ನುವುದು ಷರತ್ತಿನ ಮಾತು, ಪಾಸಾಗುವ ಆಸೆಯಿಲ್ಲದವನಿಗೆ ಅದು ತಗಲುವುದಿಲ್ಲ. ‘ಸುಳ್ಳು ಭರವಸೆ ಕೊಡಬೇಡ’ ಎನ್ನುವುದು ಷರತ್ತಿಲ್ಲದ ಆಜ್ಞೆ. ಇಷ್ಟು ಹೇಳಿ, ಓದುಗ ಮುಂದೆ ಬರುತ್ತಾನೆ.

ಕಾಂಟ್ ಬಗ್ಗೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನೀವು ಅವನನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದೀರಿ. 1797ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಬೆಂಜಮೆನ್ ಕಾನ್‌ಸ್ಟಂಟ್ ಎಂಬ ಲೇಖಕನಿಗೆ ಉತ್ತರವಾಗಿ ಅವನೊಂದು ಸಣ್ಣ ಪ್ರಬಂಧ ಬರೆದ. ಕೊಲೆಗಾರನಿಗೆ ಹೆದರಿ ಗೆಳೆಯ ನಿಮ್ಮ ಮನೆಯಲ್ಲಿ ಅಡಗಿದ್ದಾನೆ, ಕೊಲೆಗಾರ ಬಾಗಿಲಿಗೆ ಬಂದು ‘ಒಳಗಿದ್ದಾನಾ?’ ಎಂದು ಕೇಳುತ್ತಾನೆ. ಸುಳ್ಳು ಹೇಳಬಹುದೇ? ಸತ್ಯ ತಿಳಿಯುವ ಹಕ್ಕು ಉಳ್ಳವನಿಗೆ ಮಾತ್ರ ಸತ್ಯ ಹೇಳುವ ಕರ್ತವ್ಯವಿದೆ, ಕೊಲೆಗಾರನಿಗೆ ಆ ಹಕ್ಕಿಲ್ಲ ಎಂದು ಕಾನ್‌ಸ್ಟಂಟ್ ವಾದಿಸಿದ್ದ. ಕಾಂಟ್ ಒಪ್ಪಲಿಲ್ಲ. ನೀವು ಇದನ್ನು ‘ಕಾಂಟನ ಹಾಸ್ಯಾಸ್ಪದ ಕಠೋರತೆ’ ಎಂದು ಕರೆದು, ಕರ್ಣಪರ್ವದ ಕೌಶಿಕನ ಕಥೆ ಹೇಳಿ, ನಮ್ಮ ಹಿರಿಯರು ಇದನ್ನು ಎಂದೋ ಬಿಡಿಸಿಟ್ಟಿದ್ದಾರೆ ಎಂದು ಲೇಖನ ಮುಗಿಸಿದ್ದೀರಿ.

ಕೌಶಿಕನನ್ನು ತಂದದ್ದು ನನಗೆ ನಿಜವಾಗಿ ಖುಷಿ ಕೊಟ್ಟಿತು. ಕಾಡಿಗೆ ಓಡಿಬಂದ ಜನ ಎತ್ತ ಹೋದರು ಎಂದು ದರೋಡೆಕೋರರು ಕೇಳಿದಾಗ ಸತ್ಯವ್ರತ ಎಂದು ಇದ್ದದ್ದನ್ನು ಹೇಳಿ, ಅವರ ಸಾವಿಗೆ ಕಾರಣನಾಗಿ, ನರಕಕ್ಕೆ ಹೋದವನು ಅವನು. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವನನ್ನು ಕೊಲ್ಲುತ್ತೇನೆ ಎಂಬ ಪ್ರತಿಜ್ಞೆ ಉಳಿಸಿಕೊಳ್ಳಲು ಅರ್ಜುನ ಸ್ವಂತ ಅಣ್ಣನ ಮೇಲೆಯೇ ಕತ್ತಿಯೆತ್ತಿದಾಗ ಕೃಷ್ಣ ಹೇಳುವ ಕಥೆ ಇದು. ಕಾಂಟನ ಬಾಗಿಲಿಗೂ ಕೌಶಿಕನ ಕಾಡುದಾರಿಗೂ ಇರುವ ಹೋಲಿಕೆ ಯಾರನ್ನಾದರೂ ಬೆರಗುಗೊಳಿಸುತ್ತದೆ. ಆದರೆ ಬೆರಗಿನಲ್ಲಿ ನೀವು ನಿಮ್ಮ ಅಜ್ಜನನ್ನೇ ಮರೆತಿರಿ. ಕೌಶಿಕನನ್ನು ಕೇಳಿದವರು ದರೋಡೆಕೋರರು, ಬಾಗಿಲಲ್ಲಿ ನಿಂತವನು ಕೊಲೆಗಾರ. ನಿಮ್ಮನ್ನು ಕೇಳಿದವರು? ತನ್ನ ಹೊಟ್ಟೆಗೆ ಹೋಗುವ ಮಾತ್ರೆ ಯಾವುದು ಎಂದು ಕೇಳುವ ಹಕ್ಕು ಆ ಅಂಗಡಿಯಲ್ಲಿ ಯಾರಿಗಾದರೂ ಇದ್ದರೆ ಅದು ಅಜ್ಜನಿಗೆ. ಕಾನ್‌ಸ್ಟಂಟ್ ತೆರೆದಿಟ್ಟ ಕಿಟಕಿಯಲ್ಲೂ, ಕೃಷ್ಣ ಹೇಳಿದ ಕಥೆಯಲ್ಲೂ ನೀವು ನುಸುಳಲು ದಾರಿಯಿಲ್ಲ. ಕೊಲೆಗಾರನ ಎದುರು ಅತಿಯೆನಿಸುವ ಕಾಂಟ್ ನಿಮ್ಮ ಕೌಂಟರಿನ ಎದುರು ಅತಿಯೆನಿಸುವುದಿಲ್ಲ. ಮನುಷ್ಯನನ್ನು ಬರೀ ಸಾಧನವಾಗಿ ಕಾಣಬೇಡ ಎಂದು ಅವನು ಹೇಳುವಾಗ ಅವನ ಕಣ್ಣೆದುರು ದುಷ್ಟರಷ್ಟೇ ಇರಲಿಲ್ಲ. ಪ್ರೀತಿಯಿಂದಲೇ ಒಬ್ಬರ ಉಳಿದ ದಿನಗಳ ತೀರ್ಮಾನವನ್ನು ಅವರ ಕೈಯಿಂದ ಕಿತ್ತುಕೊಳ್ಳಬಹುದು. ಅಜ್ಜನಿಗೆ ಬರೆಸಬೇಕಾದ ಕಾಗದ ಇರಬಹುದು, ಮಾತು ಬಿಟ್ಟ ತಮ್ಮ ಇರಬಹುದು. ನಿಮ್ಮ ಲೇಖನದಲ್ಲಿ ನಾನು ಹುಡುಕಿದ್ದು ಈ ಪ್ಯಾರಾ.

ಇನ್ನೊಂದು ಕಡೆಗೆ ಬನ್ನಿ. ಉಪಯುಕ್ತತಾವಾದವೆಂದರೆ ‘ಬಹುಮತಕ್ಕೆ ಇಷ್ಟವಾದದ್ದೇ ಸರಿ’ ಎಂದು ಬರೆದಿದ್ದೀರಿ. ಇದು ತಪ್ಪು. ಪರಿಣಾಮವಾಗಿ ಎಷ್ಟು ಸುಖ, ಎಷ್ಟು ದುಃಖ ಎಂದು ತೂಗಿ ಸರಿ–ತಪ್ಪು ಹೇಳುವ ವಾದ ಅದು. ಅದನ್ನು ಕಟ್ಟಿದ ಬೆಂಥಮ್ ಕೈ ಎತ್ತಿಸಿ ಲೆಕ್ಕ ಹಾಕಿದವನಲ್ಲ. 1789ರ ಪುಸ್ತಕದಲ್ಲಿ ಅವನು ಸುಖ–ದುಃಖವನ್ನು ತೂಗಲು ಏಳು ಅಳತೆ ಕೊಡುತ್ತಾನೆ: ಎಷ್ಟು ತೀವ್ರ, ಎಷ್ಟು ಕಾಲ, ಎಷ್ಟು ಖಚಿತ, ಎಷ್ಟು ಹತ್ತಿರ, ಮುಂದೆ ಇನ್ನಷ್ಟು ಸುಖ ಹುಟ್ಟಿಸೀತೇ, ನೋವು ಬೆರೆತಿದೆಯೇ, ಎಷ್ಟು ಜನಕ್ಕೆ ತಟ್ಟುತ್ತದೆ. ಎಣಿಕೆ ಏಳನೆಯದು ಮಾತ್ರ. ನೂರು ಜನರ ಸಣ್ಣ ಖುಷಿ ಒಬ್ಬನ ದೊಡ್ಡ ಸಂಕಟವನ್ನು ಸಂಖ್ಯೆಯ ಬಲದಿಂದಲೇ ಗೆಲ್ಲುವುದಿಲ್ಲ.

ಬೆಂಥಮ್‌ನ ನಂತರ ಇದೇ ವಾದವನ್ನು ಬೆಳೆಸಿದ ಮಿಲ್ ಬಗ್ಗೆ ನೀವು ಬರೆದ ಪ್ಯಾರಾದಲ್ಲಿ ನಿಮಗೆ ತೀರಾ ಬೇಕಾಗಿದ್ದ ಸಂಗತಿಯೇ ತಪ್ಪಿಹೋಗಿದೆ. 1861ರಲ್ಲಿ ಪತ್ರಿಕೆಯಲ್ಲಿ ಬಂದು 1863ರಲ್ಲಿ ಪುಸ್ತಕವಾದ ಅವನ ಬರಹದ ಎರಡನೇ ಅಧ್ಯಾಯ ತೆಗೆದು ನೋಡಿ. ಸತ್ಯ ಹೇಳುವ ನಿಯಮ ಪವಿತ್ರವಾದದ್ದು, ಆದರೂ ಅಪವಾದಗಳಿವೆ ಎನ್ನುತ್ತಾ ಅವನು ಎರಡು ಉದಾಹರಣೆ ಕೊಡುತ್ತಾನೆ. ಒಂದು, ದುಷ್ಕರ್ಮಿಗೆ ಸುಳಿವು ಕೊಡದಿರುವುದು. ಇನ್ನೊಂದು, ತೀವ್ರವಾಗಿ ಕಾಯಿಲೆಬಿದ್ದವರಿಂದ ಕೆಟ್ಟ ಸುದ್ದಿ ಮುಚ್ಚಿಡುವುದು. ಕೊಲೆಗಾರನ ಬಾಗಿಲೂ ನಿಮ್ಮ ಅಜ್ಜನೂ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಕೂತಿದ್ದಾರೆ! ಅಲ್ಲಿಗೇ ಅವನು ನಿಲ್ಲುವುದಿಲ್ಲ. ಒಂದೊಂದು ಸುಳ್ಳೂ ಮನುಷ್ಯನ ಮಾತಿನ ಮೇಲಿರುವ ನಂಬಿಕೆಯನ್ನು ಸವೆಸುತ್ತದೆ, ಆದ್ದರಿಂದ ಅಪವಾದಕ್ಕೊಂದು ಗಡಿ ಗುರುತಿಸಬೇಕು ಎನ್ನುತ್ತಾನೆ. ಮಗನ ಕಣ್ಸನ್ನೆಗೆ ಔಷಧಿ ಅಂಗಡಿಯವರು ಮಾತು ಬದಲಿಸುತ್ತಾರೆ ಎಂದು ಗೊತ್ತಾದ ದಿನ, ನಿಮ್ಮ ಕೌಂಟರಿನ ಮುಂದೆ ನಿಂತ ಪ್ರತಿಯೊಬ್ಬರೂ ನಿಜಕ್ಕೂ ವಿಟಮಿನ್ ಮಾತ್ರೆಯನ್ನೇ ಕೊಟ್ಟಾಗಲೂ ಅನುಮಾನದಿಂದ ನೋಡುತ್ತಾರೆ. ಅದನ್ನೂ ತಕ್ಕಡಿಗೆ ಹಾಕಬೇಕು.

ಇಲ್ಲಿ ನನ್ನದೊಂದು ಮಾತು ಸೇರಿಸುತ್ತೇನೆ. ನಮ್ಮ ಅಮ್ಮನಿಗೂ ನಾವು ಹೇಳಿರಲಿಲ್ಲ. ಗಾಬರಿಯಾಗುತ್ತಾರೆ, ಇರುವಷ್ಟು ದಿನ ನೆಮ್ಮದಿಯಾಗಿರಲಿ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದೆವು. ಅವರು ಹೋದ ಮೇಲೆ ಟ್ರಂಕು ತೆಗೆದರೆ, ಒಂದೊಂದು ಸೀರೆಯ ಮಡಿಕೆಗೂ ಪಿನ್ನು ಚುಚ್ಚಿದ ಚೀಟಿ: ದೊಡ್ಡ ಸೊಸೆಗೆ, ಪಕ್ಕದ ಮನೆಯವಳಿಗೆ, ಇದು ಯಾರಿಗೂ ಬೇಡವಾದರೆ ತೊಟ್ಟಿಲಿಗೆ. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಆಡಿಕೊಳ್ಳಲು ಒಬ್ಬರೂ ಇರಲಿಲ್ಲ, ಯಾಕೆಂದರೆ ನಾವೆಲ್ಲ ನಗುನಗುತ್ತಾ ಶಕ್ತಿಯ ಮಾತ್ರೆ ಎನ್ನುತ್ತಿದ್ದೆವು. ಪರಿಣಾಮವನ್ನು ತೂಗಿಯೇ ನಾವು ಸುಳ್ಳು ಹೇಳಿದ್ದು. ಆ ತಕ್ಕಡಿಯಲ್ಲಿ ಅವರ ಒಂಟಿತನವನ್ನು ಇಟ್ಟಿರಲೇ ಇಲ್ಲ. ಪರಿಣಾಮವಾದದ ‘ಮಿತಿ’ ಎಂದು ನೀವು ಒಂದು ಸಾಲಿನಲ್ಲಿ ಬರೆದು ಮುಂದೆ ಹೋದಿರಲ್ಲ, ಅದನ್ನು ನಾನು ಆ ಟ್ರಂಕಿನ ಮುಂದೆ ಕೂತು ತಿಳಿದುಕೊಂಡೆ.

ಅರಿಸ್ಟಾಟಲ್ ವಿಷಯದಲ್ಲಿ ಒಂದು ತಿದ್ದುಪಡಿ. ಒಳ್ಳೆಯ ಗುಣ ಅತಿಗೂ ಕೊರತೆಗೂ ನಡುವೆ ಇರುತ್ತದೆ ಎನ್ನುವ ಅವನ ‘ಮಧ್ಯಮ ಮಾರ್ಗ’ ಎರಡು ತುದಿಗಳ ಸರಾಸರಿಯಲ್ಲ. ಗ್ರೀಕರ ಅಳತೆಯಲ್ಲಿ ಹತ್ತು ಮಿನಾ ತೂಕದ ಆಹಾರ ಹೆಚ್ಚು, ಎರಡು ಕಡಿಮೆ ಎಂದಮಾತ್ರಕ್ಕೆ ಎಲ್ಲರಿಗೂ ಆರು ಸರಿ ಎನ್ನಲಾಗದು, ಕುಸ್ತಿಪಟು ಮಿಲೋಗೆ ಅದು ಸಾಲದು, ಹೊಸದಾಗಿ ಅಖಾಡಕ್ಕೆ ಇಳಿದವನಿಗೆ ಜಾಸ್ತಿಯಾಗುತ್ತದೆ ಎಂದು ಅವನೇ ಬಿಡಿಸಿ ಹೇಳಿದ್ದಾನೆ. ಕಳ್ಳತನ, ಕೊಲೆಗಳಿಗೆ ಮಧ್ಯಮ ಎಂಬುದೇ ಇಲ್ಲ ಎಂದೂ ಹೇಳಿದ್ದಾನೆ. ಅವನು ಗುರಿಯೆಂದ ಯೂಡೈಮೋನಿಯಾವನ್ನು ನೀವು ‘ಸುಖ’ ಎಂದು ಅನುವಾದಿಸಿದ್ದೀರಿ, ಬೆಂಥಮ್‌ನ ಸುಖಕ್ಕೂ ಅದೇ ಪದ ಬಳಸಿ ಓದುಗನನ್ನು ಗೊಂದಲಕ್ಕೆ ತಳ್ಳಿದ್ದೀರಿ. ‘ಹಸನಾದ ಬಾಳು’ ಎನ್ನಿ. ಹೇಳಬೇಕೋ ಬೇಡವೋ ಎಂದು ಕಾಂಟ್ ಮತ್ತು ಮಿಲ್ ಜಗಳವಾಡುವಾಗ ಅರಿಸ್ಟಾಟಲ್ ಕೇಳುವುದು ಬೇರೆ: ಯಾರು ಹೇಳಬೇಕು, ಯಾವಾಗ, ಯಾವ ದನಿಯಲ್ಲಿ? ಗಿರಾಕಿಗಳ ಗದ್ದಲದಲ್ಲಿ, ನಿಂತಲ್ಲೇ, ಅಂಗಡಿಯ ಹುಡುಗನ ಬಾಯಿಂದ ಅಲ್ಲವೇನೋ.

ರಾಸ್ ನಿಮ್ಮ ಪಟ್ಟಿಯಲ್ಲೇ ಇಲ್ಲ. ಬ್ರಿಟಿಷ್ ತತ್ತ್ವಜ್ಞಾನಿ ಡಬ್ಲ್ಯು. ಡಿ. ರಾಸ್ 1930ರಲ್ಲಿ, ನಮ್ಮ ಮೇಲೆ ಒಂದಲ್ಲ, ಹಲವು ಕರ್ತವ್ಯಗಳಿವೆ, ಅವು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಯಾವುದು ಯಾವಾಗ ಮೇಲು ಎಂದು ಹೇಳುವ ಸೂತ್ರವಿಲ್ಲ ಎಂದ. ಸೋತ ಕರ್ತವ್ಯ ಅಳಿಸಿಹೋಗುವುದಿಲ್ಲ ಎಂದೂ ಹೇಳಿದ. ಸರಿಯಾದದ್ದನ್ನೇ ಮಾಡಿದಾಗಲೂ ಬಿಟ್ಟುಕೊಟ್ಟ ಕರ್ತವ್ಯಕ್ಕಾಗಿ ಮನಸ್ಸಿನಲ್ಲೊಂದು ಚುಚ್ಚು ಉಳಿಯುತ್ತದೆ. ನಿಮಗೆ ನಿದ್ದೆ ಬಾರದ ರಾತ್ರಿಯ ಬಗ್ಗೆ ಇವನಷ್ಟು ಹತ್ತಿರದಿಂದ ಬರೆದವರು ನಿಮ್ಮ ಹದಿನಾಲ್ಕು ಮಂದಿಯಲ್ಲಿ ಇಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ ಹೆಸರು ಬರೆದು ‘ಸ್ತ್ರೀವಾದಿ ನೀತಿ’ ಎಂದಷ್ಟೇ ಹೇಳಿ ಬಿಟ್ಟಿದ್ದೀರಿ. ಅವರು 1982ರಲ್ಲಿ ಚರ್ಚಿಸಿದ ಕಥೆ ಏನು ಗೊತ್ತೇ? ಮನಶ್ಶಾಸ್ತ್ರಜ್ಞ ಕೋಲ್‌ಬರ್ಗ್ ಮಕ್ಕಳ ಮುಂದಿಡುತ್ತಿದ್ದ ಪ್ರಶ್ನೆ ಅದು. ಕ್ಯಾನ್ಸರಿನಿಂದ ಸಾಯುತ್ತಿರುವ ಹೆಂಗಸು, ಅವಳನ್ನು ಉಳಿಸಬಲ್ಲ ಔಷಧಿ, ತಯಾರಿಸಲು 200 ಡಾಲರ್ ಆಗುವ ಅದಕ್ಕೆ 2,000 ಕೇಳುವ ಔಷಧಿ ಅಂಗಡಿಯವ, ಅರ್ಧದಷ್ಟೇ ಹಣ ಹೊಂದಿಸಲಾದ ಗಂಡ ಹೈನ್ಸ್. ಅವನು ಕದಿಯಬೇಕೇ? ಹನ್ನೊಂದು ವರ್ಷದ ಜೇಕ್, ದುಡ್ಡಿಗಿಂತ ಜೀವ ದೊಡ್ಡದು, ಕದಿಯಬೇಕು ಎಂದ. ಅದೇ ವಯಸ್ಸಿನ ಏಮಿ, ಕದಿಯಲೂಬಾರದು, ಹೆಂಡತಿ ಸಾಯಲೂಬಾರದು, ಅವನು ಜೈಲಿಗೆ ಹೋದರೆ ಅವಳನ್ನು ನೋಡಿಕೊಳ್ಳುವವರು ಯಾರು, ಎಲ್ಲರೂ ಕೂತು ಮಾತಾಡಬೇಕು ಎಂದಳು. ನೈತಿಕ ಬೆಳವಣಿಗೆಯನ್ನು ಅಳೆಯಲು ಕೋಲ್‌ಬರ್ಗ್ ಮಾಡಿದ್ದ ಮೆಟ್ಟಿಲುಗಳಲ್ಲಿ ಅವಳಿಗೆ ಜೇಕ್‌ಗಿಂತ ಕೆಳಗಿನ ಜಾಗ. ಗಿಲಿಗನ್ ಅದನ್ನು ಒಪ್ಪಲಿಲ್ಲ: ಅವಳು ಸೋತಿಲ್ಲ, ಅವಳ ಕಣ್ಣಿಗೆ ಕಂಡದ್ದು ಸಂಬಂಧಗಳ ಹೆಣಿಗೆ ಎಂದರು. ಆ ಕಥೆಯಲ್ಲಿ ಔಷಧಿ ಅಂಗಡಿಯವನಿಗೆ ನಿರಾಕರಿಸುವುದು ಬಿಟ್ಟು ಬೇರೆ ಮಾತಿಲ್ಲ. ಕೌಂಟರಿನ ಆ ಬದಿಯಿಂದ ಬರೆಯಬಲ್ಲವರು ನೀವು. ಮಗನನ್ನು ಪಕ್ಕಕ್ಕೆ ಕರೆದು ಎರಡು ನಿಮಿಷ ಮಾತಾಡಬಹುದಿತ್ತು ಎಂದು ಪತ್ರದ ಕೊನೆಗೆ ಬರೆದಿದ್ದೀರಲ್ಲ, ಅದು ಏಮಿಯ ಉತ್ತರ.

ಬಿಡಬೇಕಾದದ್ದು ಬಹಳವಿದೆ. ಐವರನ್ನು ಉಳಿಸಲು ಗಾಡಿಯನ್ನು ಒಬ್ಬನತ್ತ ತಿರುಗಿಸಬಹುದೇ ಎನ್ನುವ ಟ್ರಾಲಿ ಸಮಸ್ಯೆ ತೆಗೆಯಿರಿ. ಫಿಲಿಪ್ಪಾ ಫುಟ್ 1967ರಲ್ಲಿ ಹೇಳಿದ್ದು ಟ್ರಾಮ್ ಚಾಲಕನ ಕಥೆ, ಪಕ್ಕದಲ್ಲಿ ನಿಂತು ಹಳಿ ಬದಲಿಸುವವನನ್ನು ತಂದದ್ದು ಆಮೇಲೆ ಜೂಡಿತ್ ಜಾರ್ವಿಸ್ ಥಾಮ್ಸನ್. ನೀವು ಎರಡನ್ನೂ ಬೆರೆಸಿದ್ದೀರಿ. ಅದಿಲ್ಲದೆಯೂ ನಿಮ್ಮ ಲೇಖನ ನಡೆಯುತ್ತದೆ. ರಾಲ್ಸ್ 1971ರಲ್ಲಿ ಬರೆದದ್ದು ಒಂದು ಸಮಾಜದ ಸಂಸ್ಥೆಗಳು ಹೇಗಿರಬೇಕೆಂದು, ಅವರನ್ನು ಇನ್ನೊಂದು ಲೇಖನಕ್ಕೆ ಇಟ್ಟುಕೊಳ್ಳಿ. ‘ಪಾಶ್ಚಾತ್ಯರದು ಹಕ್ಕಿನ ನೀತಿ, ನಮ್ಮದು ಕರ್ತವ್ಯದ ನೀತಿ’ ಎಂಬ ವಾಕ್ಯವನ್ನು ದಯವಿಟ್ಟು ಹೊಡೆದುಹಾಕಿ. ಕರ್ತವ್ಯ ಎಂಬ ಒಂದೇ ಪದದ ಮೇಲೆ ಇಡೀ ನೀತಿಯನ್ನು ನಿಲ್ಲಿಸಿದ ಕಾಂಟ್‌ಗೆ ಅದೇ ಲೇಖನದಲ್ಲಿ ಒಂದು ಪ್ಯಾರಾ ಮೀಸಲಿಟ್ಟವರು ನೀವೇ.

ಹೊಸದಾಗಿ ಬರೆದು ಕಳಿಸಿ. ಅಂಗಡಿಯಿಂದ ಶುರುಮಾಡಿ, ನಾಲ್ಕೈದು ಜನ ಸಾಕು, ಅವರು ಅಜ್ಜನ ಸುತ್ತ ನಿಂತು ವಾದಿಸಲಿ. ಕೊನೆಗೆ ನಿಮ್ಮ ತೀರ್ಮಾನ ಏನೆಂದು ಬರೆಯಿರಿ, ತೀರ್ಮಾನವಾಗಿಲ್ಲದಿದ್ದರೆ ಎಲ್ಲಿ ಸಿಕ್ಕಿಕೊಂಡಿದ್ದೀರಿ ಎಂದು ಬರೆಯಿರಿ. ಅಜ್ಜನ ಊರು, ಮಗನ ಕೆಲಸ, ಅಂಗಡಿಯ ಬೀದಿ ಎಲ್ಲ ಬದಲಿಸಿ, ಮಾತ್ರೆಯ ಹೆಸರು ಹಾಕಬೇಡಿ. ಅವರ ಬೀದಿಯಲ್ಲೂ ನಮ್ಮ ಪತ್ರಿಕೆ ಓದುವವರು ಇರುತ್ತಾರೆ.

ಪತ್ರದಲ್ಲಿ ಒಂದು ವಿಷಯ ನೀವು ಹೇಳಿಲ್ಲ. ಆ ಪಟ್ಟಿಯಲ್ಲಿದ್ದದ್ದು ಒಂದು ತಿಂಗಳ ಮಾತ್ರೆ ಎಂದು ಬರೆದಿದ್ದೀರಿ. ಮುಂದಿನ ತಿಂಗಳು ಚೀಟಿ ಹಿಡಿದು ಬಂದವರು ಯಾರು, ಅಜ್ಜನೋ ಮಗನೋ? ಅಜ್ಜನೇ ಬಂದಿದ್ದರೆ, ಈ ಸಲವೂ ಕೇಳಿದರೇ?